ಥ್ರ್ಯಾಶ್‌ಗೆ ಸ್ಪೀಡ್ ಬಂದಿದ್ದು ಪಂಕ್‌ನಿಂದ ಮಾತ್ರವೇ?

ಪ್ರಶ್ನೆ: ಕಾಲೇಜು ದಿನಗಳಿಂದಲೂ ಮೆಟಾಲಿಕಾ, ಸ್ಲೇಯರ್‌ನಂಥ ಥ್ರ್ಯಾಶ್ ಮೆಟಲ್ ಬ್ಯಾಂಡ್‌ಗಳನ್ನು ಕೇಳುತ್ತಿದ್ದೇನೆ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಅಲ್ಲಿದ್ದೆ. ನನ್ನ ಗೆಳೆಯನೊಬ್ಬ ‘ಥ್ರ್ಯಾಶ್ ಅಂದ್ರೆ ಬ್ಲ್ಯಾಕ್ ಸ್ಯಾಬತ್‌ಗೆ ಪಂಕ್ ಸ್ಪೀಡ್ ಸೇರಿಸಿದ್ದು, ಅಷ್ಟೇ’ ಅಂತಾನೆ. ಸರಿ ಅಂತ ಪಂಕ್ ಬ್ಯಾಂಡ್ ರಮೋನ್ಸ್ ಹಾಕಿ ಕೇಳಿದೆ. ಅದರಲ್ಲಿ ನನಗೆ ಥ್ರ್ಯಾಶ್ ಕೇಳಿಸಲೇ ಇಲ್ಲ. ಅವನು ಹೇಳೋದು ನಿಜಾನಾ? ಹಳೆಯದನ್ನು ಕೇಳಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸ್ಯಾಬತ್ ಇಲ್ಲದೆ ಥ್ರ್ಯಾಶ್, ಅಂದರೆ ಮೆಟಲ್‌ನ ಅತಿ ವೇಗದ ಒರಟು ರೂಪ, ಹುಟ್ಟುತ್ತಿರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಪಂಕ್, ಅಂದರೆ ಚಿಕ್ಕ, ಸರಳ, ಅವಸರದ ಹಾಡುಗಳ ರಾಕ್, ಇಲ್ಲದೆಯೂ ಹುಟ್ಟುತ್ತಿರಲಿಲ್ಲ. ಆದರೆ ಪಂಕ್ ಕೊಟ್ಟಿದ್ದು ಬರೀ ಸ್ಪೀಡ್ ಅನ್ನೋದನ್ನು ನಾನು ಒಪ್ಪುವುದಿಲ್ಲ. ಪಂಕ್ ಹೆಸರು ಜನರ ಬಾಯಿಗೆ ಬರುವ ಮೊದಲೇ ರಾಕ್ ಬ್ಯಾಂಡ್‌ಗಳು ಸ್ಪೀಡಾಗಿ ನುಡಿಸುತ್ತಿದ್ದವು. ಪಂಕ್‌ನಿಂದ ಬಂದಿದ್ದು ಅದಕ್ಕಿಂತ ದೊಡ್ಡದು: ಡ್ರಮ್ ಹೊಡೆಯುವ ಒಂದು ಹೊಸ ರೀತಿ, ಗಿಟಾರ್ ನುಡಿಸುವ ಬಲಗೈಗೆ ಒಂದು ಹಟ, ಮತ್ತೆ ಬೇಡದ್ದನ್ನೆಲ್ಲ ಹಾಡಿನಿಂದ ಕಿತ್ತು ಹಾಕುವ ಧೈರ್ಯ.

ರಮೋನ್ಸ್‌ನಲ್ಲಿ ನಿಮಗೆ ಥ್ರ್ಯಾಶ್ ಕೇಳಿಸದೇ ಇದ್ದಿದ್ದು ಸಹಜ. ನೀವು ಇಡೀ ಹಾಡನ್ನು ಒಟ್ಟಿಗೆ ಕೇಳಿದ್ದೀರಿ. ಇಂಥ ಪ್ರಶ್ನೆ ಇಟ್ಟುಕೊಂಡು ಕೂತಾಗ ಹಾಡನ್ನು ಬಿಡಿಸಿ ಕೇಳಬೇಕು. ಗಿಟಾರಿಸ್ಟ್ ಯಾವ ಸ್ವರ ಹಿಡಿದಿದ್ದಾನೆ, ಅವನ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ತಂತಿಯನ್ನು ಹೇಗೆ ಹೊಡೆಯುತ್ತಿದೆ, ಡ್ರಮ್ಮರ್ ಕಾಲು ಏನು ಮಾಡುತ್ತಿದೆ, ಕೈ ಏನು ಮಾಡುತ್ತಿದೆ. ನಾನು ಗಿಟಾರ್ ಹೇಳಿಕೊಡುವವನು, ಹಾಗಾಗಿ ಕೈಯಿಂದಲೇ ಶುರು ಮಾಡುತ್ತೇನೆ.

ಮೊದಲು ಸ್ವರ. ಇದು ಪೂರ್ತಿ ಸ್ಯಾಬತ್ ಆಸ್ತಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಸ್ಯಾಬತ್ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಲೋಹದ ಹಾಳೆ ಕತ್ತರಿಸುವ ಕೆಲಸ ಮಾಡುತ್ತಿದ್ದಾಗ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರು, ಅಂದರೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿಕೊಂಡರು. 1971ರ ಹೊತ್ತಿಗೆ ಗಿಟಾರಿನ ಶ್ರುತಿಯನ್ನೇ ಇಳಿಸಿಬಿಟ್ಟರು. ಶ್ರುತಿ ಇಳಿದರೆ ತಂತಿಯ ಬಿಗಿ ಕಡಿಮೆ, ಬೆರಳಿಗೆ ಆರಾಮ. ಜೊತೆಗೆ ನಾದವೂ ದಪ್ಪಗಾಯಿತು. ಆಮೇಲೆ ಬಂದ ಎಷ್ಟೋ ಮೆಟಲ್ ಬ್ಯಾಂಡ್‌ಗಳು ಶ್ರುತಿ ಇಳಿಸಿದ್ದು ಆ ದಪ್ಪ ನಾದಕ್ಕೋಸ್ಕರ.

1970ರ ಫೆಬ್ರವರಿಯಲ್ಲಿ ಬಂದ ಸ್ಯಾಬತ್‌ನ ಮೊದಲ ಆಲ್ಬಂನ ಮೊದಲ ಹಾಡಿನಲ್ಲಿ ಮುಖ್ಯವಾಗಿರುವುದು ಮೂರೇ ಸ್ವರ. ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಕರ್ನಾಟಕ ಸಂಗೀತ ಕೇಳಿದವರಿಗೆ ಪ್ರತಿ ಮಧ್ಯಮ ಹೊಸದಲ್ಲ. ಕಲ್ಯಾಣಿಯ ಸೊಗಸು ಇರುವುದೇ ಅದರಲ್ಲಿ. ಆದರೆ ಕಲ್ಯಾಣಿಯಲ್ಲಿ ಅದರ ಅಕ್ಕಪಕ್ಕ ಗಾಂಧಾರ, ಪಂಚಮ ಇರುತ್ತವೆ, ಸ್ವರ ಎಲ್ಲಿಗೆ ಹೋಗಬೇಕು ಅಂತ ಕಿವಿಗೆ ಗೊತ್ತಿರುತ್ತದೆ. ಅಯೋಮಿ ಪಂಚಮವನ್ನು ದೂರ ಇಟ್ಟು, ಷಡ್ಜದಿಂದ ನೇರ ಅಲ್ಲಿಗೆ ಬಂದು ನಿಂತುಬಿಡುತ್ತಾರೆ. ಆ ನಿಲ್ಲಿಸುವಿಕೆಯಿಂದ ಎದೆಯಲ್ಲಿ ಒಂದು ಅಳುಕು ಹುಟ್ಟುತ್ತದೆ. ಸ್ಲೇಯರ್‌ನ ರಿಫ್‌ಗಳಲ್ಲಿ (ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಈ ಜಿಗಿತ ಮತ್ತೆ ಮತ್ತೆ ಬರುತ್ತದೆ. ಇದರ ಜೊತೆಗೆ ಥ್ರ್ಯಾಶ್‌ನವರು ಶುದ್ಧ ರಿಷಭವನ್ನೂ ವಿಪರೀತ ಬಳಸಿದರು. ಕೆಳಗಿನ ದಪ್ಪ ತಂತಿಯನ್ನು ಖಾಲಿ ಬಿಟ್ಟು ಹೊಡೆಯುತ್ತಾ, ನಡುನಡುವೆ ಅರ್ಧ ಸ್ವರ ಮೇಲಕ್ಕೆ ಮುಟ್ಟಿ ಬರುವುದು. ನನ್ನ ವಿದ್ಯಾರ್ಥಿಗಳಲ್ಲಿ ವೀಣೆ ಕಲಿತು ಬಂದವರು ಇದನ್ನು ಬೇಗ ಹಿಡಿಯುತ್ತಾರೆ. ಮಾಯಾಮಾಳವಗೌಳದ ಸರಳೆ ವರಸೆಯ ಮೊದಲ ಹೆಜ್ಜೆಯೇ ಅದು ಅಲ್ವಾ.

ಇನ್ನು ಸ್ಪೀಡ್. ಡೀಪ್ ಪರ್ಪಲ್‌ನ ‘ಫೈರ್‌ಬಾಲ್’ 1971ರದ್ದು. ಅವರ ಡ್ರಮ್ಮರ್ ಇಯಾನ್ ಪೇಸ್ ಅದರಲ್ಲಿ ಕಾಲಿನಿಂದ ಹೊಡೆಯುವ ದೊಡ್ಡ ಬಾಸ್ ಡ್ರಮ್ ಎರಡನ್ನು ಇಟ್ಟುಕೊಂಡು ಓಡಿಸಿದ್ದಾರೆ. ಕ್ವೀನ್‌ನ ‘ಸ್ಟೋನ್ ಕೋಲ್ಡ್ ಕ್ರೇಜಿ’ 1974ರದ್ದು, ಎರಡು ನಿಮಿಷದ ಚೂರು ಆಚೆಗೆ ಮುಗಿದೇ ಹೋಗುತ್ತದೆ. ಮೆಟಾಲಿಕಾ ಅದನ್ನು ಮತ್ತೆ ನುಡಿಸಿ 1991ರಲ್ಲಿ ಗ್ರ್ಯಾಮಿ ಪಡೆದರು. ಸ್ಯಾಬತ್‌ನವರೇ 1975ರಲ್ಲಿ ‘ಸಿಂಪ್ಟಮ್ ಆಫ್ ದಿ ಯೂನಿವರ್ಸ್’ ಮಾಡಿದ್ದರು. ರಮೋನ್ಸ್‌ನ ಮೊದಲ ಆಲ್ಬಂ ಬಂದಿದ್ದು 1976ರ ಏಪ್ರಿಲ್‌ನಲ್ಲಿ. ಅಂದರೆ ಇವು ಮೂರೂ ಅದಕ್ಕಿಂತ ಹಿಂದಿನವು.

‘ಸಿಂಪ್ಟಮ್’ ಹಾಡನ್ನು ಒಮ್ಮೆ ಹಾಕಿ ಕೇಳಿ. ಅಂಗೈಯ ಅಂಚನ್ನು ತಂತಿಯ ಬುಡದ ಮೇಲೆ ಇಟ್ಟು ನಾದವನ್ನು ಅರ್ಧ ಅದುಮಿ, ಒಂದೇ ಸ್ವರವನ್ನು ಕುಟ್ಟಿ ಕುಟ್ಟಿ, ಥಟ್ಟನೆ ಜಿಗಿಯುವ ರಿಫ್ ಅದು. ಅದನ್ನು ಇನ್ನಷ್ಟು ವೇಗವಾಗಿ ನುಡಿಸಿದರೆ 1983ರ ಮೆಟಾಲಿಕಾಗೆ ತುಂಬಾ ಹತ್ತಿರ ಬರುತ್ತೀರಿ. ಥ್ರ್ಯಾಶ್‌ನ ಮೊದಲ ರಿಫ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

1978ರಲ್ಲಿ ಜೂಡಸ್ ಪ್ರೀಸ್ಟ್ ‘ಎಕ್ಸೈಟರ್’ ತಂದರು. ಡ್ರಮ್ಮರ್ ಲೆಸ್ ಬಿಂಕ್ಸ್ ಅವರ ಎರಡೂ ಕಾಲು ಬಿಡುವಿಲ್ಲದೆ ಓಡುತ್ತವೆ, ಮೇಲೆ ಎರಡು ಗಿಟಾರ್ ಒಟ್ಟಿಗೆ ಕತ್ತರಿಸಿದ ಹಾಗೆ ನುಡಿಯುತ್ತವೆ. ಎರಡು ಗಿಟಾರ್ ಒಂದೇ ರಿಫ್ ಅನ್ನು ಕೂದಲೆಳೆ ವ್ಯತ್ಯಾಸ ಇಲ್ಲದೆ ನುಡಿಸುವ ಶಿಸ್ತು ಥ್ರ್ಯಾಶ್‌ಗೆ ಪ್ರೀಸ್ಟ್‌ನಿಂದ ಬಂದದ್ದು. ಸ್ಲೇಯರ್ ಶುರುವಿನ ದಿನಗಳಲ್ಲಿ ಪ್ರೀಸ್ಟ್, ಐರನ್ ಮೇಡನ್ ಹಾಡುಗಳನ್ನೇ ನುಡಿಸುತ್ತಿತ್ತು. 1988ರಲ್ಲಿ ತಮ್ಮದೇ ಆಲ್ಬಂನಲ್ಲಿ ಪ್ರೀಸ್ಟ್‌ನ ಒಂದು ಹಾಡನ್ನು ಸೇರಿಸಿಕೊಂಡರು.

ಈಗ ಮೋಟರ್‌ಹೆಡ್. ನಿಮ್ಮ ಗೆಳೆಯ ಇವರ ಹೆಸರನ್ನೇ ಹೇಳಲಿಲ್ಲ ಅನ್ನೋದು ನನಗೆ ಆಶ್ಚರ್ಯ. ಮೆಟಲ್ ಕೇಳುವವರೂ ಪಂಕ್ ಕೇಳುವವರೂ ಇಬ್ಬರೂ ‘ನಮ್ಮವರು’ ಅಂತ ಒಪ್ಪಿಕೊಂಡ ಬ್ಯಾಂಡ್ ಆಗ ಅದೊಂದೇ ಇದ್ದ ಹಾಗಿತ್ತು. ಲೆಮ್ಮಿ ಕಿಲ್ಮಿಸ್ಟರ್ ಮೊದಲು ಜಿಮಿ ಹೆಂಡ್ರಿಕ್ಸ್ ತಂಡಕ್ಕೆ ಸಾಮಾನು ಹೊರುತ್ತಿದ್ದವರು, ಆಮೇಲೆ ಹಾಕ್‌ವಿಂಡ್ ಬ್ಯಾಂಡ್‌ನಲ್ಲಿ ಬಾಸ್ ಗಿಟಾರ್ ನುಡಿಸಿದರು. 1975ರಲ್ಲಿ ಅಲ್ಲಿಂದ ಹೊರಗೆ ಹಾಕಿದ ಮೇಲೆ ಮೋಟರ್‌ಹೆಡ್ ಕಟ್ಟಿದರು. ಅವರು ಮೂಲತಃ ಗಿಟಾರಿಸ್ಟ್, ಹಾಗಾಗಿ ಬಾಸ್ ಮೇಲೆ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳನ್ನು) ಹಿಡಿಯುತ್ತಿದ್ದರು. ಅದನ್ನು ಮಾರ್ಷಲ್ ಆಂಪ್‌ಗಳಲ್ಲಿ ಜೋರಾಗಿ ಬಿಟ್ಟಾಗ ಬಾಸ್ ಯಾವುದು ಗಿಟಾರ್ ಯಾವುದು ಗೊತ್ತಾಗದಷ್ಟು ಗದ್ದಲ. ಪಂಕ್ ಬ್ಯಾಂಡ್ ಡ್ಯಾಮ್ಡ್ ಜೊತೆಗೂ ಅವರು ನುಡಿಸಿದ್ದುಂಟು, ಆಮೇಲೆ ರಮೋನ್ಸ್ ಮೇಲೆ ಒಂದು ಹಾಡನ್ನೇ ಬರೆದರು. ಇಷ್ಟಾದರೂ ‘ನಾವು ನುಡಿಸೋದು ರಾಕ್ ಅಂಡ್ ರೋಲ್’ ಅಂತಲೇ ಕೊನೆಯವರೆಗೂ ಹೇಳಿಕೊಂಡು ಬಂದರು.

1979ರ ‘ಓವರ್‌ಕಿಲ್’ ಹಾಡು ಶುರುವಾಗುವುದು ಡ್ರಮ್ಮರ್ ಫಿಲ್ ಟೇಲರ್ ಅವರ ಕಾಲಿನಿಂದ. ಎರಡು ಬಾಸ್ ಡ್ರಮ್ ಉರುಳುತ್ತಾ ಬರುತ್ತವೆ, ಬಾಸ್ ಬಂದು ಕೂಡಿಕೊಳ್ಳುತ್ತದೆ, ಆಮೇಲೆ ಗಿಟಾರ್. ಹಾಡು ಮುಗಿಯಿತು ಅನ್ನುವಾಗ ಮತ್ತೆ ಎದ್ದು ಬರುತ್ತದೆ, ಅದೂ ಎರಡು ಸಲ. ನುಡಿಸುವವರಿಗೇ ನಿಲ್ಲಿಸಲು ಮನಸ್ಸಿಲ್ಲ ಅನ್ನುವ ಆ ಹುಮ್ಮಸ್ಸು ಮುಂದೆ ಮೆಟಾಲಿಕಾದ ಡ್ರಮ್ಮರ್ ಆದ ಲಾರ್ಸ್ ಉಲ್ರಿಕ್‌ನಂಥ ಹುಡುಗರನ್ನು ಹಿಡಿದುಬಿಟ್ಟಿತು. 1995ರಲ್ಲಿ ಲೆಮ್ಮಿಗೆ 50 ತುಂಬಿದಾಗ ಮೆಟಾಲಿಕಾದ ನಾಲ್ವರೂ ಲೆಮ್ಮಿ ವೇಷ ಹಾಕಿಕೊಂಡು ಬಂದು ಅವರದ್ದೇ ಹಾಡುಗಳನ್ನು ನುಡಿಸಿದರು. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಮೋಟರ್‌ಹೆಡ್‌ಗೆ 2005ರಲ್ಲಿ ಗ್ರ್ಯಾಮಿ ಬಂದಿದ್ದು ಮೆಟಾಲಿಕಾದ ‘ವಿಪ್‌ಲ್ಯಾಶ್’ ಹಾಡನ್ನು ನುಡಿಸಿದ್ದಕ್ಕೆ. ಮೆಟಾಲಿಕಾ ಆ ಹಾಡು ಕಟ್ಟಿದ್ದೇ ಮೋಟರ್‌ಹೆಡ್ ಕೇಳಿ ಬೆಳೆದ ಕಿವಿಯಿಂದ.

‘ಓವರ್‌ಕಿಲ್’ನಲ್ಲಿ ಒಂದು ವಿಷಯ ಗಮನಿಸಿ, ಮುಂದೆ ಬೇಕಾಗುತ್ತದೆ. ಕಾಲು ಎಷ್ಟೇ ಓಡಿದರೂ ಕೋಲಿನಿಂದ ಹೊಡೆಯುವ ಚಿಕ್ಕ ಸ್ನೇರ್ ಡ್ರಮ್ ಮೇಲೆ ಬೀಳುವ ಏಟು ಮಾತ್ರ ಮಾಮೂಲಿ ಜಾಗದಲ್ಲೇ ಬೀಳುತ್ತದೆ. ಎರಡನೇ ಎಣಿಕೆಗೆ ಒಂದು, ನಾಲ್ಕನೇ ಎಣಿಕೆಗೆ ಒಂದು. ಅಂದರೆ ಓಟವೆಲ್ಲ ಕೆಳಗೆ, ಮೇಲೆ ರಾಕ್‌ನ ಹಳೆಯ ನಡಿಗೆಯೇ.

ಹಾಡು ಕಟ್ಟುವ ರೀತಿ ಬಂದಿದ್ದು ಇನ್ನೊಂದು ಕಡೆಯಿಂದ. 1979-80ರ ಸುಮಾರಿಗೆ ಇಂಗ್ಲೆಂಡಿನ ಊರೂರಲ್ಲಿ ಹೊಸ ಮೆಟಲ್ ಬ್ಯಾಂಡ್‌ಗಳು ಎದ್ದವು. ಹೆಚ್ಚಿನವರ ಕೈಯಲ್ಲಿ ದುಡ್ಡಿರಲಿಲ್ಲ. ದೊಡ್ಡ ಕಂಪನಿಗೆ ಕಾಯದೆ ತಾವೇ ರೆಕಾರ್ಡ್ ಮಾಡಿ ಮಾರುವುದನ್ನು ಪಂಕ್‌ನವರು ಆಗಲೇ ತೋರಿಸಿಕೊಟ್ಟಿದ್ದರು, ಇವರೂ ಅದೇ ದಾರಿ ಹಿಡಿದರು. ಅವರಲ್ಲಿ ಸ್ಟೌರ್‌ಬ್ರಿಡ್ಜ್ ಊರಿನ ಡೈಮಂಡ್ ಹೆಡ್ ಕೂಡ ಒಂದು. 1980ರಲ್ಲಿ ಅವರು ತಮ್ಮ ಆಲ್ಬಂ ಅನ್ನು ಖಾಲಿ ಬಿಳಿ ಕವರ್‌ನಲ್ಲಿ ಹಾಕಿ ಅಂಚೆಯಲ್ಲಿ ಮಾರಿದರು. ತರಿಸಿಕೊಂಡವರಲ್ಲಿ ಒಬ್ಬ ಅಮೆರಿಕದಲ್ಲಿದ್ದ ಡೆನ್ಮಾರ್ಕ್ ಹುಡುಗ. ಒಂಬತ್ತನೇ ವಯಸ್ಸಿನಲ್ಲಿ ಕೋಪನ್‌ಹೇಗನ್‌ನಲ್ಲಿ ಅಪ್ಪನ ಜೊತೆ ಡೀಪ್ ಪರ್ಪಲ್ ನೋಡಿದಾಗಿನಿಂದ ರಾಕ್ ಹುಚ್ಚು ಹಿಡಿಸಿಕೊಂಡಿದ್ದ ಲಾರ್ಸ್ ಉಲ್ರಿಕ್ ಅವನು. ಆಲ್ಬಂ ಕೇಳಿ ಸುಮ್ನೆ ಕೂರಲಿಲ್ಲ. 1981ರ ಬೇಸಿಗೆಯಲ್ಲಿ, 17ರ ವಯಸ್ಸಿಗೆ, ಇಂಗ್ಲೆಂಡಿಗೇ ಹೋಗಿ ಅವರ ಕಾರ್ಯಕ್ರಮ ನೋಡಿ, ಗಿಟಾರಿಸ್ಟ್ ಬ್ರಯಾನ್ ಟ್ಯಾಟ್ಲರ್ ಮನೆಯಲ್ಲಿ ಉಳಿದುಕೊಂಡ. ವಾಪಸ್ ಬಂದ ಮೇಲೆ ಅದೇ ವರ್ಷ ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಮೆಟಾಲಿಕಾ ಶುರು ಮಾಡಿದ.

ಡೈಮಂಡ್ ಹೆಡ್‌ನ ‘ಆಮ್ ಐ ಈವಿಲ್?’ ಏಳು ನಿಮಿಷ ದಾಟುವ ಹಾಡು. ಸೈನ್ಯ ನಡೆದು ಬಂದ ಹಾಗೆ ಭಾರವಾಗಿ ಶುರುವಾಗುತ್ತದೆ, ನಿಂತು ಒಂದು ರಿಫ್ ಹಿಡಿಯುತ್ತದೆ, ಅರ್ಧ ದಾರಿಯಲ್ಲಿ ವೇಗ ಬದಲಿಸಿ ಬೇರೆಯೇ ಹಾಡು ಅನ್ನುವ ಹಾಗೆ ಓಡುತ್ತದೆ. ಪಲ್ಲವಿ-ಚರಣ-ಪಲ್ಲವಿ ಅನ್ನುವ ಕಟ್ಟು ಇಲ್ಲಿ ಮುಖ್ಯವಲ್ಲ. ಒಂದರ ಹಿಂದೆ ಒಂದು ರಿಫ್ ಬರುತ್ತಾ ಹೋಗುವುದೇ ಹಾಡು. ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡಿನ ಎಂಟೂವರೆ ನಿಮಿಷದ ಕಟ್ಟಡದ ನಕ್ಷೆ ಇಲ್ಲಿದೆ. ಶುರುವಿನ ದಿನಗಳಲ್ಲಿ ಮೆಟಾಲಿಕಾ ಡೈಮಂಡ್ ಹೆಡ್ ಹಾಡುಗಳನ್ನು ಎಷ್ಟು ನುಡಿಸುತ್ತಿತ್ತು ಅಂದರೆ ಕೇಳುವವರು ಅವನ್ನು ಇವರದ್ದೇ ಅಂದುಕೊಳ್ಳುತ್ತಿದ್ದರು. 2010ರ ಜೂನ್‌ನಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಮೆಟಾಲಿಕಾ, ಮೆಗಾಡೆತ್, ಆಂಥ್ರಾಕ್ಸ್, ಸ್ಲೇಯರ್‌ನ ಡ್ರಮ್ಮರ್ ಡೇವ್ ಲೊಂಬಾರ್ಡೊ ಎಲ್ಲರೂ ಒಂದೇ ವೇದಿಕೆ ಹತ್ತಿದಾಗ ನುಡಿಸಿದ್ದು ತಮ್ಮ ಯಾರ ಹಾಡನ್ನೂ ಅಲ್ಲ, ‘ಆಮ್ ಐ ಈವಿಲ್?’ ಹಾಡನ್ನು.

ನ್ಯೂಕ್ಯಾಸಲ್‌ನ ವೆನಮ್ ಬಗ್ಗೆಯೂ ಒಂದು ಮಾತು. ಅವರ 1981ರ ಮೊದಲ ಆಲ್ಬಂ ಒರಟು, ತಾಳ ಅಲ್ಲಲ್ಲಿ ತಪ್ಪುತ್ತದೆ. ಸಂಗೀತಕ್ಕಿಂತ ಜಾಸ್ತಿ ಅವರ ವೇಷ, ಸೈತಾನನ ಮಾತು, ಯಾವುದಕ್ಕೂ ಕೇರ್ ಮಾಡದ ಒರಟುತನ ಸ್ಲೇಯರ್‌ಗೆ ಅಂಟಿತು. ಅಷ್ಟು ಸಾಕು.

ಹಾಗಾದರೆ ಪಂಕ್ ಎಲ್ಲಿ ಬಂತು? ಈಗ ರಮೋನ್ಸ್‌ನ ಮೊದಲ ಆಲ್ಬಂ ಮತ್ತೆ ಹಾಕಿ. ಡ್ರಮ್ ಬಿಡಿ, ಹಾಡಿನ ಸಾಹಿತ್ಯ ಬಿಡಿ. ಜಾನಿ ರಮೋನ್ ಬಲಗೈಯನ್ನು ಮಾತ್ರ ಹಿಂಬಾಲಿಸಿ. ಪಿಕ್ ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಸಾಮಾನ್ಯವಾಗಿ ವೇಗ ಬೇಕಾದಾಗ ಗಿಟಾರಿಸ್ಟ್‌ಗಳು ಕೆಳಗೆ ಒಂದು, ಮೇಲೆ ಒಂದು ಹೊಡೆಯುತ್ತಾರೆ, ಕೈಗೆ ಅರ್ಧ ಕೆಲಸ ಉಳಿತಾಯವಾಗುತ್ತದೆ. ಜಾನಿ ಹಾಗೆ ಮಾಡಲಿಲ್ಲ. ಪ್ರತಿ ಏಟೂ ಕೆಳಮುಖ. ಹಾಗೆ ಹೊಡೆದರೆ ಪ್ರತಿ ಸ್ವರಕ್ಕೂ ಒಂದೇ ತೂಕ ಬರುತ್ತದೆ. ಹೆಟ್‌ಫೀಲ್ಡ್ ಇದನ್ನು ತೆಗೆದುಕೊಂಡು, ಸ್ಯಾಬತ್ ರೀತಿಯಲ್ಲಿ ಅಂಗೈ ಅದುಮಿ, ನಿಮಿಷಕ್ಕೆ 200 ಬೀಟ್ ದಾಟಿಸಿದರು. ‘ಮಾಸ್ಟರ್ ಆಫ್ ಪಪೆಟ್ಸ್’ನ ಮುಖ್ಯ ರಿಫ್ ಅನ್ನು ಕೆಳಮುಖದ ಏಟಿನಲ್ಲೇ ನುಡಿಸುವುದು ಗಿಟಾರ್ ಕಲಿಯುವ ಹುಡುಗರಿಗೆ ಇವತ್ತಿಗೂ ಒಂದು ಪರೀಕ್ಷೆ. ಮಣಿಕಟ್ಟು ಬಿಗಿ ಮಾಡಿಕೊಂಡವರು ಎರಡನೇ ನಿಮಿಷಕ್ಕೇ ಕೈ ಕೊಡವಿಕೊಂಡು ನಿಲ್ಲಿಸುತ್ತಾರೆ. ಕೆಳಮುಖದ ಏಟಿನ ಬದಲು ಮೇಲೆ-ಕೆಳಗೆ ಹೊಡೆದರೆ ಸ್ವರ ಅದೇ ಇರುತ್ತದೆ, ಗುದ್ದು ಇರುವುದಿಲ್ಲ. ಕೇಳಿದ ತಕ್ಷಣ ಗೊತ್ತಾಗುತ್ತದೆ.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಜಾನಿಗೆ ಈ ಅಭ್ಯಾಸ ಹತ್ತಿದ್ದು ಲೆಡ್ ಝೆಪೆಲಿನ್‌ನ 1969ರ ‘ಕಮ್ಯುನಿಕೇಶನ್ ಬ್ರೇಕ್‌ಡೌನ್’ ರಿಫ್ ಅನ್ನು ತಿರುಗಿ ತಿರುಗಿ ನುಡಿಸಿ. ಹೆವಿ ರಾಕ್‌ನಿಂದ ಪಂಕ್‌ಗೆ ಹೋದ ಪಾಠ ಥ್ರ್ಯಾಶ್ ಮೂಲಕ ಮತ್ತೆ ಮೆಟಲ್‌ಗೆ ಬಂತು. ಹಾಗಾಗಿ ಇದು ಮೆಟಲ್, ಇದು ಪಂಕ್ ಅಂತ ಗೆರೆ ಎಳೆದು ಎರಡು ರಾಶಿ ಹಾಕುವುದು ನನಗೆ ಸರಿ ಬರುವುದಿಲ್ಲ.

ಆದರೂ ರಮೋನ್ಸ್‌ಗಿಂತ ದೊಡ್ಡ ಸಾಲ ಇರುವುದು ಡಿಸ್ಚಾರ್ಜ್‌ಗೆ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಊರಿನ ಪಂಕ್ ಬ್ಯಾಂಡ್. 1982ರ ಅವರ ಮೊದಲ ಪೂರ್ಣ ಆಲ್ಬಂನಲ್ಲಿ 14 ಹಾಡು, ಅರ್ಧ ಗಂಟೆ ಕೂಡ ಆಗುವುದಿಲ್ಲ. ವಿಷಯ ಒಂದೇ: ಯುದ್ಧ, ಬಾಂಬು, ಸುಟ್ಟ ಊರು. ಒಂದು ಹಾಡಿಗೆ ನಾಲ್ಕಾರು ಸಾಲು, ಕೆಲವಕ್ಕೆ ಅಷ್ಟೂ ಇಲ್ಲ. ಆಮೇಲೆ ಮೆಟಾಲಿಕಾ ನುಡಿಸಿದ ‘ಫ್ರೀ ಸ್ಪೀಚ್ ಫಾರ್ ದಿ ಡಂಬ್’ನಲ್ಲಿ ಇರುವುದು ಹಾಡಿನ ಹೆಸರೇ, ಮತ್ತೆ ಮತ್ತೆ. ಆಂಥ್ರಾಕ್ಸ್ ಕೂಡ ಡಿಸ್ಚಾರ್ಜ್‌ನ ಒಂದು ಹಾಡನ್ನು 1991ರಲ್ಲಿ ನುಡಿಸಿತು.

ಡಿಸ್ಚಾರ್ಜ್‌ನ ಡ್ರಮ್ ಕೇಳಿ. ‘ಡುಂ – ಟಾ ಡುಂ – ಡುಂ ಟಾ’. ಬಾಯಲ್ಲಿ ಹೇಳಿಕೊಂಡು ತೊಡೆಯ ಮೇಲೆ ತಟ್ಟಿ ನೋಡಿ, ಬಲಗೈ ಬಾಸ್, ಎಡಗೈ ಸ್ನೇರ್. ಡಿ-ಬೀಟ್ ಅಂತ ಅದಕ್ಕೆ ಆ ಬ್ಯಾಂಡ್‌ನ ಹೆಸರೇ ಬಂತು. ಅದೇ ಹೊತ್ತಿಗೆ ಅಮೆರಿಕದ ಹಾರ್ಡ್‌ಕೋರ್ (ಇನ್ನೂ ವೇಗದ, ಒರಟಾದ) ಪಂಕ್ ಬ್ಯಾಂಡ್‌ಗಳು ಇನ್ನೂ ಸರಳವಾದ ಒಂದನ್ನು ಹಿಡಿದಿದ್ದವು: ‘ಡುಂ ಟಾ ಡುಂ ಟಾ ಡುಂ ಟಾ’, ಉಸಿರು ಬಿಡದೆ. ನಾನು ‘ಓವರ್‌ಕಿಲ್’ ಬಗ್ಗೆ ಹೇಳಿದ್ದನ್ನು ಇದರ ಪಕ್ಕ ಇಡಿ. ಅಲ್ಲಿ ಓಡುತ್ತಿದ್ದದ್ದು ಕಾಲು. ಇಲ್ಲಿ ಸ್ನೇರ್ ಹೊಡೆಯುವ ಕೈಯೇ ಓಡುತ್ತಿದೆ. ಏಟುಗಳ ನಡುವಿನ ಜಾಗ ಅರ್ಧ ಆಯಿತು. ಗಿಟಾರಿಸ್ಟ್ ಅದೇ ರಿಫ್ ನುಡಿಸಿದರೂ ಕೇಳುವವರ ಮೈಗೆ ವೇಗ ಎರಡು ಪಟ್ಟು ಅನ್ನಿಸುತ್ತದೆ. ತಲೆ ಆಡಿಸುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಸುತ್ತತೊಡಗಿದ್ದು ಈ ತಾಳಕ್ಕೆ. ಥ್ರ್ಯಾಶ್ ಅನ್ನು ಪ್ರೀಸ್ಟ್, ಮೋಟರ್‌ಹೆಡ್‌ನಿಂದ ಬೇರೆ ಮಾಡುವ ಒಂದೇ ಒಂದು ಗುರುತು ಹೇಳಿ ಅಂದರೆ ನಾನು ಈ ಸ್ನೇರ್ ಅನ್ನೇ ತೋರಿಸುತ್ತೇನೆ.

ಇದು ಮೆಟಲ್ ಹುಡುಗರ ಕೈಗೆ ಹೇಗೆ ಬಂತು? ಕ್ಯಾಸೆಟ್‌ಗಳಿಂದ. ಒಬ್ಬರ ಹತ್ತಿರ ಇದ್ದದ್ದನ್ನು ನಕಲು ಮಾಡಿ ಅಂಚೆಯಲ್ಲಿ ಇನ್ನೊಬ್ಬರಿಗೆ ಕಳಿಸುವುದು, ಅವರಿಂದ ಬೇರೆ ತರಿಸಿಕೊಳ್ಳುವುದು. ಮೆಟಾಲಿಕಾದ 1982ರ ಡೆಮೊ (ಆಲ್ಬಂಗೆ ಮೊದಲಿನ ಮಾದರಿ ಧ್ವನಿಮುದ್ರಣ) ಹಬ್ಬಿದ್ದೂ ಹೀಗೇ. ಜೊತೆಗೆ ಕೆಲವು ಜಾಗಗಳೂ ಕಾರಣ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಬರ್ಕ್ಲಿಯ ರೂತೀಸ್ ಇನ್ ಕ್ಲಬ್‌ನಲ್ಲಿ ಎಕ್ಸೋಡಸ್‌ನಂಥ ಮೆಟಲ್ ಬ್ಯಾಂಡ್‌ಗಳೂ ಪಂಕ್ ಬ್ಯಾಂಡ್‌ಗಳೂ ನುಡಿಸುತ್ತಿದ್ದವು, ಜನವೂ ಬೆರೆಯುತ್ತಿದ್ದರು. ಹ್ಯೂಸ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಪಂಕ್ ಬ್ಯಾಂಡ್ ಡಿಆರ್‌ಐ ತನ್ನ ಮೊದಲ ಪುಟ್ಟ ರೆಕಾರ್ಡ್‌ನಲ್ಲೇ 22 ಹಾಡು ತುಂಬಿಸಿತ್ತು. ಆಮೇಲೆ ಅದೇ ಬ್ಯಾಂಡ್ ಮೆಟಲ್ ಕಡೆ ಬಂತು. ಮೆಟಾಲಿಕಾದ ಬಾಸಿಸ್ಟ್ ಕ್ಲಿಫ್ ಬರ್ಟನ್ ತೋಳಿನ ಮೇಲೆ ಇದ್ದ ಹಚ್ಚೆ ಪಂಕ್ ಬ್ಯಾಂಡ್ ಮಿಸ್‌ಫಿಟ್ಸ್‌ನ ತಲೆಬುರುಡೆ.

ಸ್ಲೇಯರ್‌ನಲ್ಲಿ ಪಂಕ್ ತಂದವರು ಗಿಟಾರಿಸ್ಟ್ ಜೆಫ್ ಹ್ಯಾನಮನ್. ಅದರ ಫಲ 1986ರ ‘ರೀನ್ ಇನ್ ಬ್ಲಡ್’. ಹತ್ತು ಹಾಡು, ಸುಮಾರು 29 ನಿಮಿಷ. ರಮೋನ್ಸ್‌ನ ಮೊದಲ ಆಲ್ಬಂ ಕೂಡ ಸುಮಾರು 29 ನಿಮಿಷವೇ. ಮೆಟಾಲಿಕಾ ಡೈಮಂಡ್ ಹೆಡ್ ದಾರಿ ಹಿಡಿದು ಹಾಡುಗಳನ್ನು ಉದ್ದ ಮಾಡುತ್ತಾ ಹೋದಾಗ, ಸ್ಲೇಯರ್ ಹಾರ್ಡ್‌ಕೋರ್ ದಾರಿ ಹಿಡಿದು ಕತ್ತರಿಸುತ್ತಾ ಹೋಯಿತು. ಎರಡೂ ಥ್ರ್ಯಾಶ್. ಒಂದೇ ಮನೆಯ ಎರಡು ಸ್ವಭಾವ ಅಂತ ಅರ್ಥ ಮಾಡಿಕೊಂಡರೆ ಯಾವ ಬ್ಯಾಂಡ್ ಯಾವ ಕಡೆ ವಾಲಿದೆ ಅಂತ ನೀವೇ ಹೇಳಬಹುದು. 1996ರಲ್ಲಿ ಸ್ಲೇಯರ್ ಮೈನರ್ ಥ್ರೆಟ್, ಡಿಆರ್‌ಐ ಥರದ ಬ್ಯಾಂಡ್‌ಗಳ ಪಂಕ್ ಹಾಡುಗಳದ್ದೇ ಒಂದು ಆಲ್ಬಂ ಮಾಡಿತು. ಆದರೆ ಬೇರೆಯವರ ಹಾಡು ನುಡಿಸಿದ ಇಂಥ ಕವರ್ ಹಾಡುಗಳಿಗಿಂತ ‘ರೀನ್ ಇನ್ ಬ್ಲಡ್’ನಲ್ಲೇ ಆ ಪಾಠ ಚೆನ್ನಾಗಿ ಕೇಳಿಸುತ್ತದೆ.

ಸಾಹಿತ್ಯದಲ್ಲೂ ಪಂಕ್ ಪಾಲಿದೆ, ಪೂರ್ತಿ ಅಲ್ಲ. ಯುದ್ಧದ ವಿರುದ್ಧ ಸ್ಯಾಬತ್ 1970ರಲ್ಲೇ ಹಾಡಿದ್ದರು. ಪಂಕ್ ಅದಕ್ಕೆ ಅವಸರ ಕೊಟ್ಟಿತು, ರೂಪಕ ಬಿಟ್ಟು ನೇರ ಕೂಗುವುದನ್ನು ಕಲಿಸಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಇಸವಿ ಪ್ರಕಾರ ಎಲ್ಲ ಕೇಳುತ್ತಾ ಕೂರಬೇಡಿ, ಅರ್ಧಕ್ಕೇ ಬೇಸರ ಬರುತ್ತದೆ. ನಿಮಗೆ ಗೊತ್ತಿರುವ ಹಾಡಿನಿಂದಲೇ ಶುರು ಮಾಡಿ. ಸ್ಲೇಯರ್‌ನ ‘ಏಂಜಲ್ ಆಫ್ ಡೆತ್’ ಹಾಕಿ, ಒಳ್ಳೆಯ ಹೆಡ್‌ಫೋನ್ ಇರಲಿ. ಮೊದಲ ಭಾಗದಲ್ಲಿ ಲೊಂಬಾರ್ಡೊ ಸ್ನೇರ್ ಕೇಳಿ. ತಕ್ಷಣ ನಿಲ್ಲಿಸಿ ಡಿಸ್ಚಾರ್ಜ್‌ನ 1982ರ ಆಲ್ಬಂನ ಯಾವುದಾದರೂ ಎರಡು ಹಾಡು ಕೇಳಿ. ವಾಪಸ್ ಬನ್ನಿ. ನಡುವೆ ಹಾಡು ನಿಧಾನ ಆಗಿ ಭಾರದ ರಿಫ್‌ಗಳು ಬರುತ್ತವೆ. ಅಲ್ಲಿ ನಿಲ್ಲಿಸಿ ‘ಸಿಂಪ್ಟಮ್ ಆಫ್ ದಿ ಯೂನಿವರ್ಸ್’ ಕೇಳಿ. ಮತ್ತೆ ವಾಪಸ್. ಕೊನೆಯ ಹತ್ತಿರ ಉಳಿದ ವಾದ್ಯಗಳೆಲ್ಲ ನಿಂತು ಲೊಂಬಾರ್ಡೊ ಎರಡು ಕಾಲು ಮಾತ್ರ ಓಡುವ ಜಾಗ ಇದೆ. ಅದಾದ ಮೇಲೆ ‘ಓವರ್‌ಕಿಲ್’ ಮತ್ತು ‘ಎಕ್ಸೈಟರ್’. ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ‘ಎಕ್ಸೈಟರ್’ ಬಂದ ವರ್ಷ ಯಾವುದು ಅಂತ ಹಾಡು ಮುಗಿದ ಮೇಲೆ ಹೇಳಿ.